ಕೊಟ್ಟ ರಕ್ತದ ಲೆಕ್ಕ

(ಬಬಲೇಶ್ವರದಲ್ಲಿ ಜರುಗಿದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಗೋಷ್ಠಿಯ ಸಂಚಾಲಕರು ನನಗೆ ಫೋನ್ ಮಾಡಿದಾಗ "ಡಾಕ್ಟ್ರ, ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ನಾಕು ಮಾತು ಹೇಳ್ರಿ" ಅಂದಿದ್ದರು. ಆ ನಾಲ್ಕು ಮಾತು ನಿಮಗೆಲ್ಲ ಬಾಯಿಪಾಠವಾಗಿವೆ. ಉಪ್ಪು ಕಡಿಮೆ ಮಾಡ್ರಿ, ನಡೀರಿ, ಗುಳಿಗೆ ತಪ್ಪಿಸಬ್ಯಾಡ್ರಿ. ಕೇಳಿ ತಲೆಯಾಡಿಸಿ ಮನೆಗೆ ಹೋಗಿ ಹೋಳಿಗೆ ಉಣ್ಣುತ್ತೀರಿ, ನಾನೂ ಉಣ್ಣುತ್ತೇನೆ. ಆದ್ದರಿಂದ ಇಂದು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಆರೋಗ್ಯವಾಗಿರುವಾಗಲೇ ನೀವು ವೈದ್ಯವಿಜ್ಞಾನಕ್ಕೆ ಕೊಡಬಹುದಾದ ಒಂದು ವಸ್ತುವಿದೆ. ಅದು ಎರಡು ಚಮಚೆ ರಕ್ತ. ಅದನ್ನು ಏಕೆ ಕೊಡಬೇಕು, ಕೊಟ್ಟ ಮೇಲೆ ಏನನ್ನು ಕೇಳಬೇಕು ಎಂಬುದಷ್ಟೇ ನನ್ನ ಮಾತು.

ವಿಜಯಪುರದ ಕಡೆಯವರಾದ ನಮಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಫ.ಗು. ಹಳಕಟ್ಟಿಯವರು ವಕೀಲಿ ಮಾಡಿಕೊಂಡೇ ವಚನಗಳ ತಾಡೋಲೆ ಕಟ್ಟುಗಳನ್ನು ಹುಡುಕುತ್ತ ಊರೂರು ತಿರುಗಿದರು. ಆ ಕಟ್ಟುಗಳು ಎಲ್ಲಿದ್ದವು? ಮಠಗಳಲ್ಲಿ ಇದ್ದವು, ಮನೆಗಳ ಜಗುಲಿಯ ಮೇಲೆ ಇದ್ದವು. ವಿಭೂತಿ ಹಚ್ಚಿ, ಹೂವು ಏರಿಸಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ಕಡಿಮೆ. ಹಳಕಟ್ಟಿಯವರು ಅವನ್ನು ಬೇಡಿ ತಂದರು, ಒಂದು ಪ್ರತಿಯ ಪಕ್ಕ ಇನ್ನೊಂದು ಪ್ರತಿ ಇಟ್ಟು ಹೋಲಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಅಚ್ಚುಮನೆಗಾಗಿ ಸ್ವಂತ ಮನೆಯನ್ನೇ ಮಾರಿದ್ದು ನಿಮಗೆ ಗೊತ್ತಿದೆ.

ಆ ಹೋಲಿಸುವ ಕೆಲಸವನ್ನು ಸ್ವಲ್ಪ ಗಮನಿಸಿರಿ. ಓಲೆಯನ್ನು ಕೈಯಿಂದ ನಕಲು ಮಾಡುವವನು ಎಲ್ಲೋ ಒಂದು ಅಕ್ಷರ ತಪ್ಪುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವನೂ ಅದೇ ತಪ್ಪು ಬರೆಯುತ್ತಾನೆ. ಎರಡು ಊರಿನ ಎರಡು ಕಟ್ಟುಗಳಲ್ಲಿ ಒಂದೇ ತಪ್ಪು ಇದ್ದರೆ, ಅವೆರಡೂ ಒಂದೇ ತಾಯಿಪ್ರತಿಯ ಮಕ್ಕಳು ಎಂದು ತಿಳಿಯುತ್ತದೆ. ಒಂದೇ ಪ್ರತಿ ಇದ್ದಾಗ ತಪ್ಪು ಯಾವುದು, ಸರಿ ಯಾವುದು ಎಂದು ಹೇಳಲಾಗದು. ಹತ್ತಾರು ಮನೆಗಳ ಪ್ರತಿಗಳು ಒಂದೆಡೆ ಕೂಡಿದಾಗಲೇ ಹೇಳಬಹುದು. ಯಾವ ಓಲೆ ಯಾವ ಊರಿನದು ಎಂಬ ಗುರುತೂ ಬೇಕು. ಗುರುತು ತಪ್ಪಿದರೆ ಓಲೆ ಇದ್ದೂ ಇಲ್ಲದಂತೆ.

ನಮ್ಮ ಶರೀರದ ಬಹುತೇಕ ಪ್ರತಿ ಜೀವಕೋಶದಲ್ಲಿಯೂ ಇಂಥ ಒಂದು ಕಟ್ಟು ಇದೆ. ಅದೇ ಡಿಎನ್‌ಎ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲಲ್ಲಿ ಅಕ್ಷರ ಬದಲಾಗುತ್ತದೆ. ಬಹಳಷ್ಟು ಬದಲಾವಣೆಗಳಿಂದ ಏನೂ ಆಗುವುದಿಲ್ಲ. ಕೆಲವು ರೋಗ ತರುತ್ತವೆ. ಅಪರೂಪಕ್ಕೆ ಕೆಲವು ರೋಗದಿಂದ ಕಾಪಾಡುತ್ತವೆ. ಯಾವುದು ಯಾವುದೆಂದು ತಿಳಿಯಲು ಸಾವಿರಾರು ಜನರ ರಕ್ತ ಬೇಕು. ಜೊತೆಗೆ ಅವರ ವಯಸ್ಸು, ಊಟ, ಕಾಯಿಲೆ, ಔಷಧದ ವಿವರ ಬೇಕು. ಇವನ್ನು ಮನಃಪೂರ್ವಕವಾಗಿ ಕೊಟ್ಟವರಿಂದ ಪಡೆದು, ಮೈನಸ್ 80 ಡಿಗ್ರಿ ಶೀತದಲ್ಲಿ ಹತ್ತಾರು ವರ್ಷ ಕಾಪಾಡುವ ಭಂಡಾರಕ್ಕೆ ಬಯೋಬ್ಯಾಂಕ್ ಎನ್ನುತ್ತಾರೆ.

ಹೊಗಳುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಇದನ್ನು ಈವರೆಗೆ ಯಾವ ಸಭೆಯಲ್ಲಿಯೂ ಹೇಳಿಲ್ಲ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಾನು ಆಗ ಕಿರಿಯ ವೈದ್ಯ. ಒಂದು ಸಂಶೋಧನೆಗಾಗಿ ತಿಕೋಟಾ ಸುತ್ತಲಿನ ಹಳ್ಳಿಗಳಲ್ಲಿ ರಕ್ತ ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲು ಎಷ್ಟೆಂದು ನನಗೆ ಗೊತ್ತಿದೆ. ಬೆಳಗ್ಗೆ ಐದೂವರೆಗೆ ಜೀಪಿನಲ್ಲಿ ಹೋಗುತ್ತಿದ್ದೆವು, ಜನ ಹೊಲಕ್ಕೆ ಹೋಗುವುದರೊಳಗೆ ಹಿಡಿಯಬೇಕೆಂದು. ನಾನು ಇದೇ ಸೀಮೆಯವ, ಭಾಷೆ ಗೊತ್ತು, ಕೊರಳಲ್ಲಿ ಲಿಂಗ. ಹಾಗಾಗಿ ಯಾರೂ ಒಲ್ಲೆ ಎನ್ನಲಿಲ್ಲ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಕಾಗದ ಇಂಗ್ಲಿಷಿನಲ್ಲಿತ್ತು. "ಏನು ಬರದೈತಿ?" ಎಂದು ಕೇಳಿದವರಿಗೆ "ಏನಿಲ್ಲ, ಪರೀಕ್ಷೆದ್ದು" ಎಂದಿದ್ದೆ. ನೂರಾರು ಬಾಟಲಿ ರಕ್ತ ಕೂಡಿತು. ಕೆಲವು ಪರೀಕ್ಷೆಗಳಾದವು, ಉಳಿದದ್ದನ್ನು ಮುಂದೆ ನೋಡೋಣವೆಂದು ಶೀತಪೆಟ್ಟಿಗೆಯಲ್ಲಿಟ್ಟೆವು. ಆಮೇಲೆ ಹಣ ಮುಗಿಯಿತು, ಹಿರಿಯರು ಬೇರೆ ಊರಿಗೆ ವರ್ಗವಾದರು. ನಮ್ಮ ಬೇಸಿಗೆ ನಿಮಗೆ ಗೊತ್ತು, ಆಗಿನ ಕರೆಂಟೂ ಗೊತ್ತು. ಒಂದು ಏಪ್ರಿಲ್‌ನಲ್ಲಿ ಎರಡು ದಿನ ಕರೆಂಟ್ ಹೋಯಿತು. ಬಾಗಿಲು ತೆರೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಎಲ್ಲವನ್ನೂ ಸುಟ್ಟುಹಾಕಿದೆವು.

ಮುಂದೆ ಏಳೆಂಟು ವರ್ಷದ ಮೇಲೆ ತಿಕೋಟಾದ ಸಂತೆಯಲ್ಲಿ ಒಬ್ಬ ಅಜ್ಜಿ ನನ್ನ ಗುರುತು ಹಿಡಿದಳು. "ಸಾಹೇಬ್ರ, ನಮ್ಮ ರಕ್ತ ಒಯ್ದಿದ್ರಲ್ಲ, ಅದು ಏನಾತು?" ಎಂದಳು. ಸಿಟ್ಟಿನಿಂದ ಅಲ್ಲ, ಊರಿಗೆ ಹೋದ ಮಗ ಹೇಗಿದ್ದಾನೆಂದು ಕೇಳಿದ ಹಾಗೆ. ನಾನು "ಪರೀಕ್ಷೆ ನಡದೈತಿ, ಅವ್ವಾ" ಅಂದುಬಿಟ್ಟೆ. ಅದು ಸುಳ್ಳು. ಇಂದು ಇಲ್ಲಿ ನಿಂತು ಮಾತಾಡುತ್ತಿರುವುದು ಆ ಸುಳ್ಳಿಗಾಗಿ.

ನೀವು ಒಣದ್ರಾಕ್ಷಿಯನ್ನು ತಾಸಗಾಂವದ ಮಾರುಕಟ್ಟೆಗೆ ಒಯ್ಯುತ್ತೀರಿ. ಎಷ್ಟು ಪೆಟ್ಟಿಗೆ, ಯಾವ ದರ್ಜೆ, ಎಷ್ಟು ತೂಕ, ಯಾರು ಕೊಂಡರು ಎಂದು ಪಟ್ಟಿ ಕೈಗೆ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ. ಆ ಅಜ್ಜಿಗೆ ತನ್ನ ರಕ್ತದ ಪಟ್ಟಿ ಯಾರೂ ಕೊಡಲಿಲ್ಲ.

ಹಾಗಾದರೆ ರಕ್ತ ಕೊಡುವುದೇ ಬೇಡವೇ? ಹಾಗೆ ಹೇಳಲು ನನಗೆ ಮನಸ್ಸು ಬಾರದು. ಏಕೆಂದು ಹೇಳುತ್ತೇನೆ.

ಲಂಡನ್ನಿನ ಪೂರ್ವ ಭಾಗದಲ್ಲಿ ಬಾಂಗ್ಲಾದೇಶ ಮತ್ತು ಪಾಕಿಸ್ತಾನ ಮೂಲದ ಜನ ಬಹಳ. 2015ರಿಂದ ಅಲ್ಲಿ 'ಜೀನ್ಸ್ ಅಂಡ್ ಹೆಲ್ತ್' ಎಂಬ ಸಂಶೋಧನೆ ನಡೆದಿದೆ. ಸ್ವಯಂಸೇವಕರು ಒಂದು ಕೊಳವೆಯಲ್ಲಿ ಉಗುಳಿ ಕೊಡುತ್ತಾರೆ, ಅಷ್ಟೇ. ಆಸ್ಪತ್ರೆಗಷ್ಟೇ ಸೀಮಿತವಾಗದೆ ಮಸೀದಿ, ಸಮುದಾಯ ಭವನಗಳಿಗೂ ಹೋಗಿ ಕೇಳಿದರು. ಸುಮಾರು 44 ಸಾವಿರ ಜನರ ಮಾಹಿತಿಯ ಮೇಲೆ 2023ರಲ್ಲಿ ಒಂದು ವರದಿ ಬಂತು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಕ್ಲೊಪಿಡೊಗ್ರೆಲ್ ಗುಳಿಗೆ ಕೊಡುತ್ತೇವೆ. ಈ ಸಭೆಯಲ್ಲೇ ಹತ್ತು ಜನರ ಕಿಸೆಯಲ್ಲಿ ಅದು ಇರಬಹುದು. ನುಂಗಿದ ಗುಳಿಗೆಯನ್ನು ಯಕೃತ್ತು ಬದಲಿಸಿದ ಮೇಲೆಯೇ ಅದು ಕೆಲಸ ಮಾಡುವುದು. ಆ ಬದಲಾವಣೆಗೆ ಒಂದು ವಂಶವಾಹಿ ಬೇಕು. ಆ ಸಮುದಾಯದಲ್ಲಿ ಶೇ 57ರಷ್ಟು ಜನರಲ್ಲಿ ಆ ವಂಶವಾಹಿಯ ಕೆಲಸ ಮಂದವಾಗಿದೆ ಎಂದು ಕಂಡುಬಂತು. ಎರಡೂ ಪ್ರತಿಗಳು ಕೆಟ್ಟವರು ಈ ಗುಳಿಗೆಯನ್ನೇ ನಂಬಿದಾಗ ಅವರಿಗೆ ಮತ್ತೆ ಹೃದಯಾಘಾತವಾಗುವ ಸಂಭವ ಸುಮಾರು ಮೂರು ಪಟ್ಟು. ಬೇರೆ ಗುಳಿಗೆಗಳಿವೆ; ಯಾರಿಗೆ ಯಾವುದು ಎಂದು ಮೊದಲೇ ತಿಳಿದರೆ ಬದಲಿಸಬಹುದು. (ದಯವಿಟ್ಟು ನನ್ನ ಮಾತು ಕೇಳಿ ನಾಳೆ ಗುಳಿಗೆ ನಿಲ್ಲಿಸಬೇಡಿ. ನಿಮ್ಮ ವೈದ್ಯರನ್ನು ಕೇಳಿರಿ.)

ಉಗುಳಿದ ಎಂಜಲಿನಿಂದ ಹೊರಟ ಮಾತು ಕಿಸೆಯ ಗುಳಿಗೆಯವರೆಗೆ ಬಂತು. ಪ್ರಯೋಗಶಾಲೆಯಲ್ಲಿ ತಿಳಿದದ್ದು ರೋಗಿಯ ಹಾಸಿಗೆಯ ಬಳಿಗೆ ಬರುವುದೆಂದರೆ ಇದೇ.

ಇನ್ನೊಂದು ಇದಕ್ಕಿಂತ ಹಳೆಯದು. ಅಮೆರಿಕದ ಡಲ್ಲಾಸ್ ನಗರದಲ್ಲಿ ಸಾಮಾನ್ಯ ಜನರ ರಕ್ತ ಪಡೆದು ಹೃದಯರೋಗದ ಅಧ್ಯಯನ ಮಾಡಿದರು. ಕಪ್ಪು ಜನಾಂಗದ ಕೆಲವರಲ್ಲಿ ಪಿಸಿಎಸ್‌ಕೆ9 ಎಂಬ ವಂಶವಾಹಿ ಹುಟ್ಟಿನಿಂದಲೇ ಕೆಟ್ಟಿತ್ತು, ಅವರ ಕೆಟ್ಟ ಕೊಲೆಸ್ಟ್ರಾಲ್ ಬಹಳ ಕಡಿಮೆಯಿತ್ತು. ಇಂಥವರಿಗೆ ಹೃದಯರೋಗ ಶೇ 88ರಷ್ಟು ಕಡಿಮೆ ಎಂದು 2006ರಲ್ಲಿ ಪ್ರಕಟವಾಯಿತು. ಎರಡೂ ಪ್ರತಿ ಕೆಟ್ಟಿದ್ದ ಒಬ್ಬ ಮಹಿಳೆಯ ಎಲ್‌ಡಿಎಲ್ ಕೇವಲ 14. ಆಕೆ ಗಟ್ಟಿಮುಟ್ಟಾಗಿದ್ದಳು, ವ್ಯಾಯಾಮ ಕಲಿಸುತ್ತಿದ್ದಳು. ಅಂದರೆ ಅದನ್ನು ತಡೆದರೂ ಮನುಷ್ಯ ಆರೋಗ್ಯವಾಗಿರಬಲ್ಲ ಎಂಬುದಕ್ಕೆ ನಿಸರ್ಗವೇ ಸಾಕ್ಷಿ ನೀಡಿತು. ಅದನ್ನು ತಡೆಯುವ ಚುಚ್ಚುಮದ್ದು 2015ರಲ್ಲಿ ಬಳಕೆಗೆ ಬಂತು. ಕೆಟ್ಟ ಅಕ್ಷರವೂ ಒಮ್ಮೊಮ್ಮೆ ಔಷಧದ ದಾರಿ ತೋರಿಸುತ್ತದೆ.

ಇನ್ನು ನಮ್ಮ ಪಾಡು. ಬ್ರಿಟನ್ನಿನ ಯುಕೆ ಬಯೋಬ್ಯಾಂಕಿಗೆ 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ 5 ಲಕ್ಷ ಜನ ತಮ್ಮನ್ನು ಒಪ್ಪಿಸಿಕೊಂಡರು. ಜಗತ್ತಿನ ಸಂಶೋಧಕರೆಲ್ಲ ಆ ಕಣಜದಿಂದ ಕಾಳು ತೆಗೆಯುತ್ತಾರೆ. ಆದರೆ ಅವರಲ್ಲಿ ಬಹುಪಾಲು ಬಿಳಿಯರು. ಅವರ ರಕ್ತದಿಂದ ಕಟ್ಟಿದ ರೋಗದ ಲೆಕ್ಕಾಚಾರ ನಮ್ಮ ಮೇಲೆ ಅಷ್ಟು ಸರಿಯಾಗಿ ಕೂಡುವುದಿಲ್ಲ. ಮಾಲದಂಡಿ ಜೋಳದ ಸೀಮೆಯಲ್ಲಿ ಕುಳಿತು ಗೋಧಿ ನಾಡಿನ ಪಂಚಾಂಗ ನೋಡಿ ಬಿತ್ತಿದ ಹಾಗೆ.

ನಮ್ಮ ನಾಡಿನಲ್ಲಿ ಕೆಲಸ ಆರಂಭವಾಗಿದೆ, ಅದರ ಕೇಂದ್ರವೂ ಕರ್ನಾಟಕದಲ್ಲೇ ಇದೆ. 2020ರಲ್ಲಿ ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ 'ಜೀನೋಮ್ ಇಂಡಿಯಾ' ಯೋಜನೆ ಕೈಗೊಂಡಿತು. 20 ಸಂಸ್ಥೆಗಳು ಸೇರಿದವು. ಅದನ್ನು ಮುನ್ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ದೇಶದ 83 ಸಮುದಾಯಗಳಿಂದ ಸುಮಾರು 20 ಸಾವಿರ ಜನರ ರಕ್ತ ಸಂಗ್ರಹಿಸಿ, 10 ಸಾವಿರ ಜನರ ಡಿಎನ್‌ಎಯನ್ನು ಪೂರ್ತಿ ಓದಿದರು. 2025ರ ಜನವರಿಯಿಂದ ಆ ಮಾಹಿತಿ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ಸಿಗತೊಡಗಿತು. ಅದೇ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಅನುಸರಿಸುತ್ತಿದ್ದಾರೆ: ರಕ್ತ, ನೆನಪಿನ ಪರೀಕ್ಷೆ, ಮಿದುಳಿನ ಸ್ಕ್ಯಾನ್. ಮರೆವಿನ ರೋಗ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಅವರ ಪ್ರಶ್ನೆ. ಉತ್ತರ ಕೊಡುತ್ತಿರುವವರು ರೈತರು, ಹೈನು ಕಟ್ಟಿಕೊಂಡ ಹೆಣ್ಣುಮಕ್ಕಳು. ನಾಳೆ ಇಂಥದೇ ಒಂದು ತಂಡ ಡೋಣಿ ಸಾಲಿಗೂ ಬರಬಹುದು.

ಬಂದರೆ ಅವರ ಕೈಯಲ್ಲಿರುವ ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ. ಇಲ್ಲಿ ನಮ್ಮಂಥವರಿಗೆ ಗಂಟಲಿಗೆ ಮುಳ್ಳು.

ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಮಗನ ಮನೆಗೆ ಹೋದಾಗ ನಾನೂ ಒಂದು ಸಂಶೋಧನೆಗೆ ರಕ್ತ ಕೊಟ್ಟೆ. ಅರ್ಜಿ ತುಂಬಿಸುತ್ತಿದ್ದ ಹುಡುಗಿ ಸಮುದಾಯ ಕೇಳಿದಳು. "ಲಿಂಗಾಯತ" ಎಂದೆ. "ಅದರಲ್ಲಿ ಯಾವುದು, ಸರ್?" ಎಂದಳು. ನನಗೆ ಸಿಟ್ಟು ಬಂತು. ನಲವತ್ತು ವರ್ಷದಿಂದ ಒಳಪಂಗಡ ಬಿಡ್ರಿ ಎಂದು ವೇದಿಕೆಯ ಮೇಲೆ ಹೇಳುತ್ತ ಬಂದವನು ನಾನು. "ನಮ್ಮಲ್ಲಿ ಹಾಗೆಲ್ಲ ಇಲ್ಲ" ಎಂದುಬಿಟ್ಟೆ. ಆ ಹುಡುಗಿ ಬಹಳ ಸೌಮ್ಯವಾಗಿ ಕೇಳಿದಳು: "ಹಾಗಾದರೆ ಸರ್, ನಿಮ್ಮ ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿ ಯಾವ ಮನೆತನಗಳಲ್ಲಿ ಮದುವೆ ಆದರು?" ನನ್ನ ಬಾಯಿ ಕಟ್ಟಿತು. ಎಲ್ಲರೂ ಒಂದೇ ಪಂಗಡ, ಎಲ್ಲರೂ ಹದಿನೈದು ಹರದಾರಿಯೊಳಗೆ. ನಾನೂ ಹಾಗೆಯೇ. ತುಟಿಯಿಂದ ಬಿಟ್ಟದ್ದನ್ನು ರಕ್ತ ಬಿಟ್ಟಿರಲಿಲ್ಲ.

ವಿಜ್ಞಾನ ಆ ಕಾಲಂ ಕೇಳುವುದು ಯಾರು ಮೇಲು, ಯಾರು ಕೀಳು ಎಂದು ತಿಳಿಯಲು ಅಲ್ಲ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿದ್ವಾಂಸರು ಕೂಡಿ ಒಂದು ಸಂಗತಿ ಹೊರಗೆಡಹಿದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದಲ್ಲಿ ಜನ ಧಾರಾಳವಾಗಿ ಒಬ್ಬರೊಳಗೊಬ್ಬರು ಬೆರೆತರು. ಆಮೇಲೆ ಬಾಗಿಲು ಮುಚ್ಚಿಕೊಂಡು ತಮ್ಮ ತಮ್ಮೊಳಗೇ ಮದುವೆಯಾಗತೊಡಗಿದರು. ಬಾಗಿಲು ಮುಚ್ಚಿದ ಮನೆಯಲ್ಲಿ ಒಬ್ಬ ಪೂರ್ವಜನ ಅಕ್ಷರದೋಷ ಎಲ್ಲರಿಗೂ ಹಂಚಿಕೆಯಾಗುತ್ತದೆ. 2017ರ ಇನ್ನೊಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರೀಕ್ಷಿಸಿ ನೋಡಿದಾಗ 81 ಸಮುದಾಯಗಳಲ್ಲಿ ಈ ಹಂಚಿಕೆ ಬಹಳ ತೀವ್ರವಾಗಿತ್ತು. ಅವುಗಳಲ್ಲಿ 14 ಸಮುದಾಯಗಳ ಜನಸಂಖ್ಯೆ ತಲಾ 10 ಲಕ್ಷಕ್ಕಿಂತ ಹೆಚ್ಚು. ಅದರಲ್ಲಿ ಹೆಸರಿಸಿದ ಒಂದು ಉದಾಹರಣೆ ವೈಶ್ಯ ಸಮುದಾಯದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವ ಅವರಲ್ಲಿ ಕೆಲವರಿಗೆ ಇರುವುದಿಲ್ಲ. ಕೊಟ್ಟರೆ ಬಹಳ ಹೊತ್ತು ಉಸಿರು ಮರಳುವುದಿಲ್ಲ. ಗೊತ್ತಿದ್ದ ವೈದ್ಯರು ಮೊದಲೇ ಕೇಳಿ ಬೇರೆ ಔಷಧ ಕೊಡುತ್ತಾರೆ. ಇಲ್ಲಿ ಆ ಕಾಲಂ ಜೀವ ಉಳಿಸುತ್ತದೆ.

ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವೆ ಬೆಳೆದ ಸಂಬಂಧಕ್ಕೆ ಎಂಥ ಬೆಲೆ ತೆರಬೇಕಾಯಿತು ಎಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. ಶರಣರು ಅದನ್ನು ಮಾಡಿದ್ದು ಸಮತೆಗಾಗಿ, ವಂಶವಾಹಿಗಾಗಿ ಅಲ್ಲ. ಎಲ್ಲ ವಿಜ್ಞಾನವೂ ವಚನಗಳಲ್ಲಿ ಮೊದಲೇ ಇತ್ತು ಎಂದು ಹೇಳುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ನಾವು ಆ ದಾರಿಯಲ್ಲಿ ನಡೆದೆವೆ, ಇಲ್ಲವೆ ಎಂಬುದಕ್ಕೆ ಈಗ ಎರಡು ಚಮಚೆ ರಕ್ತ ಸಾಕ್ಷಿ ಹೇಳುತ್ತದೆ. ಭಾಷಣದಿಂದ ಅದನ್ನು ಮರೆಮಾಚಲಾಗದು.

ಮದುವೆಯ ಮಾತು ಬಂದದ್ದರಿಂದ ಒಂದು ಮನೆಯ ಕಥೆ ಹೇಳುತ್ತೇನೆ. ಊರು ಹೇಳುವುದಿಲ್ಲ. ಇಬ್ಬರು ಮಕ್ಕಳು, ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಅತ್ತೆಯಾದವಳು ನನ್ನ ಮುಂದೆಯೇ ಸೊಸೆಗೆ ಬೈದಳು: "ಇಕಿ ಮನೆತನದ್ದ ದೋಷ. ನಮ್ಮ ವಂಶದಾಗ ಇಂಥಾದ್ದಿಲ್ಲ." ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಸಂಬಂಧ ಕೇಳಿದೆ. ಸೊಸೆ ಬೇರೆ ಯಾರೂ ಅಲ್ಲ, ಆ ಅತ್ತೆಯ ಹಿರಿಮಗಳ ಮಗಳೇ! ಮಗನಿಗೆ ಅಕ್ಕನ ಮಗಳನ್ನು ತಂದುಕೊಂಡಿದ್ದರು. ಸ್ವಂತ ಮೊಮ್ಮಗಳ ರಕ್ತವನ್ನು ಪರರ ರಕ್ತವೆಂದು ಬೈಯುತ್ತಿದ್ದಳು ಆ ಅಜ್ಜಿ.

ಹುಟ್ಟುಕಿವುಡಿನ ಹಲವು ಬಗೆಗಳು ಮಗುವಿಗೆ ಬರುವುದು ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದಾಗ. ನಮ್ಮ ದೇಶದಲ್ಲಿ ಜಿಜೆಬಿ2 ಎಂಬ ವಂಶವಾಹಿಯ ಒಂದು ದೋಷ ಇದಕ್ಕೆ ಹೆಚ್ಚಾಗಿ ಕಾರಣ. ಒಂದೊಂದೇ ಕೆಟ್ಟ ಪ್ರತಿ ಇರುವ ತಂದೆ-ತಾಯಿಗೆ ಕಿವಿ ಚೆನ್ನಾಗಿಯೇ ಇರುತ್ತದೆ. ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಹೊಣೆ ಇಬ್ಬರದೂ ಸಮಸಮ, ಅಥವಾ ಯಾರದೂ ಅಲ್ಲ. ಬೆಡಗು ಬೇರೆ ಇದ್ದರೆ ಸಾಕೆಂದು ನಾವು ತಿಳಿದಿದ್ದೇವೆ. ಅಕ್ಕನ ಮಗಳ ಬೆಡಗು ಬೇರೆಯೇ, ಏಕೆಂದರೆ ಬೆಡಗು ತಂದೆಯ ಕಡೆಯಿಂದ ಬರುತ್ತದೆ. ಆದರೆ ವಂಶವಾಹಿ ಬೆಡಗು ನೋಡಿ ಹರಿಯುವುದಿಲ್ಲ. ಸೋದರಮಾವ-ಸೊಸೆಯ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಒಬ್ಬನೇ ಪೂರ್ವಜನ ಒಂದೇ ಪ್ರತಿ ಎರಡು ಕಡೆಯಿಂದಲೂ ಬರುವ ಸಂಭವ ಎಂಟರಲ್ಲಿ ಒಂದು. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆಗಳು ಇನ್ನೂ ರಕ್ತಸಂಬಂಧದಲ್ಲೇ ಆಗುತ್ತವೆ. ಪಂಗಡದ ಹೊರಗೆ ಮದುವೆಯಾದರೆ ರೋಗವೇ ಬಾರದು ಎಂದಲ್ಲ. ಈ ಬಗೆಯ ರೋಗದ ಸಂಭವ ಕಡಿಮೆಯಾಗುತ್ತದೆ. ಆ ಸೊಸೆ ಅಂದು ನನ್ನನ್ನು ಕೇಳಿದ್ದು ಒಂದೇ ಮಾತು: "ಇದನ್ನ ನಮ್ಮ ಅತ್ತಿಗೆ ಬರದು ಕೊಡ್ತೀರೇನ್ರಿ?" ಬರೆದು ಕೊಟ್ಟೆ. ವಂಶವಾಹಿಯ ಓದು ಔಷಧ ಕೊಡುವುದಕ್ಕೂ ಮೊದಲು ಇಷ್ಟಾದರೂ ಮಾಡಬಲ್ಲದು.

ಈಗ ಅಪಾಯದ ಕಡೆ ಬರೋಣ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. 1990ರಿಂದ ಅರಿಜೋನಾ ವಿಶ್ವವಿದ್ಯಾಲಯವೊಂದರ ಸಂಶೋಧಕರು ಆ ಕಾಯಿಲೆಯ ಅಧ್ಯಯನಕ್ಕೆಂದು ಅವರ ರಕ್ತ ಪಡೆದರು. ಅದೇ ರಕ್ತವನ್ನು ಮಾನಸಿಕ ರೋಗದ ಅಧ್ಯಯನಕ್ಕೆ, ಒಳಸಂಬಂಧದ ಅಧ್ಯಯನಕ್ಕೆ, ಅವರ ಪೂರ್ವಜರು ಎಲ್ಲಿಂದ ಬಂದರೆಂಬ ಅಧ್ಯಯನಕ್ಕೂ ಬಳಸಿದರು. ಆ ಜನರಿಗೆ ಇದು ಗೊತ್ತೇ ಇರಲಿಲ್ಲ. ವರ್ಷಗಳ ನಂತರ ತಿಳಿದಾಗ ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ರಾಜಿಯಾಯಿತು: 7 ಲಕ್ಷ ಡಾಲರ್ ಪರಿಹಾರ, ಉಳಿದ ರಕ್ತ ವಾಪಸು. ಅವರು ಆ ರಕ್ತವನ್ನು ಊರಿಗೆ ಒಯ್ದರು. ಕೊಟ್ಟವರಲ್ಲಿ ಕೆಲವರು ಆಗಲೇ ತೀರಿಹೋಗಿದ್ದರು.

ನಮ್ಮಲ್ಲಿ ದೇಹದಾನದ ಪರಂಪರೆ ಬೆಳೆಯುತ್ತಿದೆ. ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ದಾನ ಮಾಡಿದರು. 2010ರಲ್ಲಿ ಬೆಳಗಾವಿಯಲ್ಲಿ ಮಗ ಡಾ. ಮಹಾಂತೇಶ ರಾಮಣ್ಣವರ ತಾವೇ ನಿಂತು ತಂದೆಯ ದೇಹವನ್ನು ವಿದ್ಯಾರ್ಥಿಗಳೆದುರು ಛೇದನ ಮಾಡಿ ಪಾಠ ಹೇಳಿದರು. ಅದು ದೊಡ್ಡ ದಾಸೋಹ. ಆದರೆ ದೇಹ ಕೊಟ್ಟವರು ಲೆಕ್ಕ ಕೇಳಲು ಇರುವುದಿಲ್ಲ. ಬಯೋಬ್ಯಾಂಕಿಗೆ ರಕ್ತ ಕೊಟ್ಟವರು ಬದುಕಿರುತ್ತಾರೆ, ಅವರ ಮಕ್ಕಳೂ ಬದುಕಿರುತ್ತಾರೆ. ನನ್ನ ವಂಶವಾಹಿ ಓದಿದರೆ ನನ್ನ ತಮ್ಮನದು ಅರ್ಧ ಓದಿದಂತೆ. ಅವನ ಒಪ್ಪಿಗೆ ಯಾರೂ ಕೇಳಿರುವುದಿಲ್ಲ. ನನ್ನ ರಕ್ತ ಎಂದು ನಾವು ಅನ್ನುವುದರಲ್ಲಿ 'ನನ್ನ' ಎಂಬುದು ಅರೆಸತ್ಯ.

ಅದಕ್ಕಾಗಿಯೇ ಕೊಡುವ ಮೊದಲು ಕೂತು ಮಾತಾಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ಮಾದರಿಯ ಒಡೆತನ ಕೊಟ್ಟವರದು. ಬಯೋಬ್ಯಾಂಕ್ ಕೇವಲ ಪಾಲಕ. ದಾಸೋಹದ ಕಣಜ ಕಾಯುವವನು ಅದರ ಮಾಲೀಕನಲ್ಲ ಎಂದು ಬಲ್ಲ ನಮಗೆ ಇದು ಹೊಸದಲ್ಲ. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಇದೆ. ಆದರೆ ಹೆಸರಿನ ಗುರುತನ್ನು ಪೂರ್ತಿ ಅಳಿಸಿದ ಮೇಲೆ ನಿಮ್ಮ ಕೊಳವೆ ಯಾವುದೆಂದು ಹುಡುಕಲಾಗದು. ಆದ್ದರಿಂದ ಗುರುತು ಅಳಿಸುತ್ತೀರೋ, ಸಂಕೇತ ಹಾಕಿ ಬೇರೆ ಕಡೆ ಇಡುತ್ತೀರೋ ಎಂದು ಕೇಳಬೇಕು. ಒಂದೇ ಸಂಶೋಧನೆಗೆ ಒಪ್ಪಿಗೆಯೇ, ಮುಂದೆ ಬರುವ ಎಲ್ಲದಕ್ಕೂ ಒಪ್ಪಿಗೆಯೇ ಎಂಬುದನ್ನೂ ಬಿಡಿಸಿ ಕೇಳಬೇಕು. ಮಾರಕ ರೋಗದ ಸುಳಿವು ಸಿಕ್ಕರೆ ನನಗೆ ತಿಳಿಸುತ್ತೀರಾ ಎಂದು ಕೇಳಬೇಕು; ತಿಳಿಯುವುದು ಬೇಡವೆಂದರೆ ಆ ಮಾತನ್ನೂ ಬರೆಸಬೇಕು. ಕಂಪನಿಯೊಂದು ಇದರಿಂದ ಔಷಧ ಮಾಡಿ ಲಾಭ ಗಳಿಸಿದರೆ ಸಮುದಾಯಕ್ಕೆ ಏನು ಎಂಬ ಪ್ರಶ್ನೆಗೂ ಅದೇ ಮಾರ್ಗಸೂಚಿಯಲ್ಲಿ ಜಾಗವಿದೆ. ನಾಚಿಕೆ ಬೇಡ.

ಕಾನೂನು ಎಲ್ಲವನ್ನೂ ಕಾಯುತ್ತದೆ ಎಂದು ಹೇಳಿ ನಿಮ್ಮನ್ನು ಮತ್ತೊಮ್ಮೆ ವಂಚಿಸಲಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಬೇಕೆನ್ನುತ್ತದೆ, ಆದರೆ ಸಂಶೋಧನೆಗೆ ಅದರಲ್ಲಿ ವಿನಾಯಿತಿಯ ಕಂಡಿ ಇದೆ. ವಂಶವಾಹಿಯ ಕಾರಣಕ್ಕೆ ತಾರತಮ್ಯ ಮಾಡಬಾರದೆಂದು ಅಮೆರಿಕದಲ್ಲಿ 2008ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ವಿಮೆಯ ವಿಷಯದಲ್ಲಿ ಇಂಥ ತಾರತಮ್ಯ ತಪ್ಪೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ, ಅಷ್ಟು ಆಸರೆ. ವಿಮೆಗಿಂತ ನಾನು ಹೆಚ್ಚು ಹೆದರುವುದು ನಮ್ಮ ಬಾಯಿಗೆ. "ಆ ಊರಿನವರಿಗೆ ಆ ರೋಗ ಐತಂತ, ಹೆಣ್ಣು ತರಬ್ಯಾಡ್ರಿ" ಎಂಬ ಒಂದು ಮಾತು ಓಣಿಯಲ್ಲಿ ಹೊರಟರೆ ಯಾವ ಕಾಯ್ದೆ ಅದನ್ನು ಹಿಡಿದೀತು?

ಇಲ್ಲಿ ಮಠಗಳ ಕೆಲಸವಿದೆ. ಸಂಶೋಧಕರು ಬಂದು "ಸ್ವಾಮಿಗಳೇ, ನೀವು ಒಂದು ಮಾತು ಹೇಳಿದರೆ ಊರೆಲ್ಲ ರಕ್ತ ಕೊಡುತ್ತದೆ" ಎಂದಾರು. ನಿಜ, ಕೊಡುತ್ತದೆ. ಅದೇ ಅಪಾಯ. ಪೂಜ್ಯರು ಹೇಳಿದರೆಂದು ಕೊಟ್ಟ ರಕ್ತ ಒಪ್ಪಿಗೆಯ ರಕ್ತವಲ್ಲ. ನನ್ನ ಕೊರಳಿನ ಲಿಂಗ ನೋಡಿ ಮೂವತ್ತು ವರ್ಷದ ಹಿಂದೆ ಹಾಗೆಯೇ ಕೊಟ್ಟಿದ್ದರಲ್ಲ! ಪೂಜ್ಯರಲ್ಲಿ ನನ್ನ ವಿನಂತಿ: ಕೊಡಿರೆಂದು ಹೇಳಬೇಡಿ, ಬೇಡವೆಂದೂ ಹೇಳಬೇಡಿ. ಗೋಷ್ಠಿ ಕರೆಯಿರಿ. ಬಂದವರು ಕನ್ನಡದಲ್ಲಿ, ನಮ್ಮ ಸೀಮೆಯ ಮಾತಿನಲ್ಲಿ ಎಲ್ಲ ತಿಳಿಸಲಿ, ಹೆಣ್ಣುಮಕ್ಕಳು ಪ್ರಶ್ನೆ ಕೇಳಲಿ. ವರ್ಷಕ್ಕೊಮ್ಮೆ ಅದೇ ಊರಿಗೆ ಬಂದು ಏನು ಕಂಡೆವು, ಏನು ಕಾಣಲಿಲ್ಲ, ಎಷ್ಟು ಮಾದರಿ ಹಾಳಾದವು ಎಂದು ಒಪ್ಪಿಸುವ ಮಾತನ್ನು ಅವರಿಂದ ಮೊದಲೇ ಬರೆಸಿಕೊಳ್ಳಿರಿ. ಹಾಳಾದದ್ದನ್ನೂ ಹೇಳಬೇಕು, ವಿಶೇಷವಾಗಿ ಹಾಳಾದದ್ದನ್ನು.

ನಮ್ಮ ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆ 1910ರಿಂದ ಇದೆ. ಅದರ ಹುಟ್ಟಿನಲ್ಲೂ ಹಳಕಟ್ಟಿಯವರ ಕೈಯಿದೆ. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿದೆ, ವೈದ್ಯಕೀಯ ಕಾಲೇಜೂ ಅಲ್ಲಿದೆ. ಓಲೆಗರಿ ಕಾಯುವುದನ್ನು ಕಲಿತ ಊರು ರಕ್ತದ ಮಾದರಿ ಕಾಯುವುದನ್ನೂ ಕಲಿಯಬಹುದು. ಇಷ್ಟು ಆಸೆ ಇಟ್ಟುಕೊಳ್ಳುವ ಹಕ್ಕು ಮುದುಕನಾದ ನನಗೆ ಇದೆ ಎಂದುಕೊಂಡಿದ್ದೇನೆ.

ತಿಕೋಟಾದ ಆ ಅಜ್ಜಿ ಈಗ ಇಲ್ಲ. ಹೋದ ವರ್ಷ ಅವಳ ಊರಿಗೆ ಹೋಗಿ ಮಗನನ್ನು ಕಂಡು ನಿಜ ಹೇಳಿದೆ. ಅವನು ಚಹಾ ತರಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಬಂದ್ರ ಕೊಡ್ತೀವ್ರಿ, ಆದ್ರ ಈ ಸಲ ಕಾಗದ ನಾ ಓದ್ತೀನಿ" ಎಂದ.

ಆ ಕಾಗದ ಹೇಗಿರಬೇಕೆಂದು ನಾನೇ ಒಂದು ಮಾದರಿ ಬರೆದು ತಂದಿದ್ದೇನೆ. ಕನ್ನಡದಲ್ಲಿದೆ, ನಾಲ್ಕು ಪುಟ. ಎಷ್ಟು ಪ್ರಯತ್ನಿಸಿದರೂ ಮೂರಕ್ಕೆ ಇಳಿಯಲಿಲ್ಲ. ಐವತ್ತು ಪ್ರತಿ ಬಾಗಿಲ ಬಳಿಯ ಮೇಜಿನ ಮೇಲಿವೆ. ತಾಯಂದಿರು ದಯವಿಟ್ಟು ಒಯ್ಯಿರಿ, ತಿಳಿಯದ ಶಬ್ದದ ಕೆಳಗೆ ಗೆರೆ ಎಳೆದು ಮುಂದಿನ ತಿಂಗಳು ತನ್ನಿರಿ. ಪ್ರಸಾದ ಮುಗಿಯುವವರೆಗೆ ನಾನು ಅಲ್ಲಿಯೇ ಕುಳಿತಿರುತ್ತೇನೆ.